ಅಕ್ಕನ ತಲಾಂತು

ಚರ್ಚಿನ ಸಭೆಯಲ್ಲಿ ಕೆಲಸಕ್ಕೆ ಜನ ಕಡಿಮೆ ಬಿದ್ದಾಗಲೆಲ್ಲ ನಮ್ಮ ಪಾದ್ರಿ ಅಯ್ಯನವರು ಬೈಬಲಿನ ತಲಾಂತುಗಳ ಸಾಮ್ಯದ ಕತೆಯ ಮೇಲೆ ಪ್ರಸಂಗ ಮಾಡುತ್ತಾರೆ. ಯಜಮಾನ ಆಳುಗಳ ಕೈಗೆ ತಲಾಂತು, ಅಂದರೆ ಹಣದ ಗಂಟು, ಕೊಟ್ಟು ಪರಊರಿಗೆ ಹೋದದ್ದು, ಇಬ್ಬರು ಅದನ್ನು ದುಡಿಸಿ ಹೆಚ್ಚಿಸಿದ್ದು, ಮೂರನೆಯವನು ಹೆದರಿ ಮಣ್ಣಲ್ಲಿ ಹೂತಿಟ್ಟು ಇದ್ದದ್ದನ್ನೂ ಕಳೆದುಕೊಂಡದ್ದು ನಮಗೆಲ್ಲ ಕಂಠಪಾಠ. ದೇವರು ಕೊಟ್ಟ ಕಸುವೇ ನಮ್ಮ ತಲಾಂತು, ಅದನ್ನು ಹೂತಿಡಬಾರದು ಎಂದು ಪ್ರಸಂಗ ಮುಗಿಯುವಷ್ಟರಲ್ಲಿ ಯಾರದಾದರೂ ಕೊರಳಿಗೆ ಏನಾದರೊಂದು ಗಂಟುಬಿದ್ದಿರುತ್ತದೆ. ನಾನು ಬಸ್ ಕಂಡಕ್ಟರ್. “ದೇವರು ಇಂಥ ಗಂಟಲು ಕೊಟ್ಟಿರುವಾಗ...” ಎಂದು ಒಂದು ಭಾನುವಾರ ಅಯ್ಯನವರು ಹೆಗಲ ಮೇಲೆ ಕೈಯಿಟ್ಟರು. ಅಂದಿನಿಂದ ಗಾಯಕವೃಂದದ ಹಿಂದಿನ ಸಾಲಿನಲ್ಲಿ ನಿಂತಿದ್ದೇನೆ.

ನನ್ನ ಹೆಂಡತಿಯ ಅಕ್ಕನಿಗೆ ಆರ್ಗನ್ ಗಂಟುಬಿದ್ದದ್ದು ಇನ್ನೂ ಸೊಗಸಾದ ಕತೆ. ಅಕ್ಕ ದರ್ಜಿ. ನಮ್ಮದು ಕಾಲಲ್ಲಿ ತುಳಿಯುವ ಹಳೇ ಆರ್ಗನ್. ಅದನ್ನು ನುಡಿಸುತ್ತಿದ್ದವರು ತೀರಿಕೊಂಡಾಗ ಆಗಿನ ಅಯ್ಯನವರು, ದಿನವಿಡೀ ಹೊಲಿಗೆ ಯಂತ್ರ ತುಳಿಯುವವಳಿಗೆ ಇದೇನು ಮಹಾ ಎಂದುಕೊಂಡರು. ಕಾಲಿನ ಮಟ್ಟಿಗೆ ಅವರ ಲೆಕ್ಕ ಸರಿಯಾಗಿತ್ತು. ಕೈ ಮಾತ್ರ ಇವತ್ತಿಗೂ ಪಳಗಿಲ್ಲ. ಅಕ್ಕ ನುಡಿಸಿದರೆ ಮದುವೆಯ ಹಾಡಿಗೂ ಮಣ್ಣು ಮಾಡುವಾಗಿನ ಹಾಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಮದುವೆಯಲ್ಲಿ ಮದುಮಗನೇ ಕಣ್ಣೊರೆಸಿಕೊಂಡ. ಆದರೂ ಮಳೆ ಬರಲಿ, ಜ್ವರ ಬರಲಿ, ಅಕ್ಕ ಭಾನುವಾರ ತಪ್ಪಿಸಿದವರಲ್ಲ.

ಇದನ್ನೆಲ್ಲ ನಾನು ಮನೆಯಲ್ಲಿ ಬಾಯಿಬಿಡುವ ಹಾಗಿಲ್ಲ. ತಾಯಿ ಸತ್ತ ಮೇಲೆ ತಂಗಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿ, ಓದಿಸಿ, ತಾವು ಮದುವೆಯ ಮಾತೇ ಎತ್ತದೆ ಉಳಿದವರು ಅಕ್ಕ. ಅವರ ಬಗ್ಗೆ ಯಾರಾದರೂ ಒಂದು ಮಾತಾಡಲಿ, ನನ್ನ ಹೆಂಡತಿ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಾಳೆ. ದೇವರು ಅವಳಿಗೆ ಕೊಟ್ಟ ತಲಾಂತು ಬಾಯಿ. ಅದನ್ನು ಅವಳು ಒಂದು ದಿನವೂ ಹೂತಿಟ್ಟವಳಲ್ಲ.

ಹೀಗಿರುವಾಗ ಸಭೆಯ ಕಾರ್ಯದರ್ಶಿಯ ಮನೆಗೆ ಸೊಸೆ ಬಂದಳು. ಸಂಗೀತ ಶಾಲೆಯಲ್ಲಿ ಕಲಿತ ಹುಡುಗಿ. ಒಂದು ಸಂಜೆ ಸುಮ್ಮನೆ ಆರ್ಗನ್ನಿನ ಮುಚ್ಚಳ ತೆಗೆದು ಬೆರಳಾಡಿಸಿದಳಂತೆ; ಕಸ ಗುಡಿಸುತ್ತಿದ್ದ ಕಾವಲುಗಾರ ಪೊರಕೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟನಂತೆ. ಮರು ಭಾನುವಾರವೇ ತಲಾಂತುಗಳ ಪ್ರಸಂಗ. ಮುಗಿದ ಮೇಲೆ ಅಯ್ಯನವರು ಅಕ್ಕನ ಎರಡೂ ಕೈ ಹಿಡಿದುಕೊಂಡು, ದನಿಗೆ ಜೇನು ಸವರಿ, “ಅಮ್ಮಾ, ಇಷ್ಟು ವರ್ಷ ದುಡಿದಿದ್ದೀರಿ. ಇನ್ಮೇಲೆ ನಿಮ್ಮ ತಲಾಂತು ಪ್ರಾರ್ಥನೆ” ಎಂದರು.

ಇದರ ಅರ್ಥ ನಮ್ಮ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಕೆಲಸದಿಂದ ಎಬ್ಬಿಸಿದವರಿಗೆಲ್ಲ ಕೊಡುವುದು ಪ್ರಾರ್ಥನೆಯ ತಲಾಂತೇ. ಎಡಗಡೆಯ ಮೊದಲ ಬೆಂಚು ಅವರಿಗೇ ಮೀಸಲು: ಹಳೇ ಖಜಾಂಚಿ, ಹಳೇ ಸಂಡೇ ಸ್ಕೂಲ್ ಟೀಚರು, ಅಯ್ಯನವರಿಗೆ ಒಮ್ಮೆ ಶಾಕ್ ಹೊಡೆಸಿದ ಮೈಕಿನವನು. ಅವರು ಪ್ರಾರ್ಥಿಸಿದ್ದನ್ನು ನಾನು ಕಂಡಿಲ್ಲ, ತೂಕಡಿಸಿದ್ದನ್ನು ಕಂಡಿದ್ದೇನೆ. ಅಕ್ಕ “ಆಗಲಿ ಅಯ್ಯನವರೇ” ಎಂದು ಹೇಳಿ, ಮುಂದಿನ ವಾರ ಬಂದು ಆ ಬೆಂಚಿನ ತುದಿಯಲ್ಲಿ ಕುಳಿತರು.

ಸೊಸೆ ನುಡಿಸಿದಳು. ಅಯ್ಯೋ, ಏನೆಂದು ಹೇಳಲಿ! ಅದೇ ಆರ್ಗನ್, ಅದೇ ಹಾಡು. ಸುಳ್ಳೇಕೆ, ನನ್ನ ಮೈ ಜುಮ್ಮೆಂದಿತು. ನನ್ನ ಹೆಂಡತಿ ಮಾತ್ರ ಹಾಡುವುದನ್ನು ಬಿಟ್ಟು ಬೆಂಚಿನ ತುದಿಯನ್ನೇ ನೋಡುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಕುಳಿತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದರ ಮುಂದಿನ ವಾರವೂ ಹಾಗೆಯೇ ಅತ್ತರು.

“ನೋಡಿದ್ರಾ? ನಮ್ಮಕ್ಕನ ಕಣ್ಣಲ್ಲಿ ನೀರು ಹಾಕಿಸಿದ್ರಲ್ಲ, ಇವರ ಮನೆ ಹಾಳಾಗ!”

“ಅಕ್ಕನ್ನೇ ಒಂದು ಮಾತು ಕೇಳೋಣವಾ?” ಎಂದೆ.

“ಕೇಳಿದ್ರೆ ಹೇಳ್ತಾಳಾ ಅವಳು? ಹಸಿವಾಗಿದೆ ಅಂತ ಕೂಡ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ.”

ಅದೂ ನಿಜವೇ.

ಆ ದಿನ ಅಕ್ಕ ಮನೆಗೆ ಹೋದದ್ದೇ ತಡ, ಕಮಿಟಿಯವರು ಕುಳಿತಿದ್ದ ಕೋಣೆಗೆ ನನ್ನ ಹೆಂಡತಿ ನುಗ್ಗಿದಳು. ಬೆನ್ನಿಗೆ ನಾನೂ ಹೋದೆ. ಹೋಗಿ ಬಾಗಿಲ ಹತ್ತಿರವೇ ನಿಂತುಕೊಂಡೆ, ಓಡುವುದಕ್ಕೆ ಅನುಕೂಲ.

“ಅಯ್ಯನವರೇ, ಹೂತಿಟ್ಟವನ ಕೈಯಿಂದ ತಾನೇ ಯಜಮಾನ ಕಿತ್ಕೊಂಡಿದ್ದು? ನಮ್ಮಕ್ಕ ಹೂತಿಟ್ಟಳಾ? ವಾರವಾರ ತಂದು ನಿಮ್ಮ ಕಿವಿಗೆ ಸುರೀಲಿಲ್ವಾ?”

“ಸುರಿದ್ರಮ್ಮಾ, ಸುರಿದ್ರು” ಎಂದು ಕಾರ್ಯದರ್ಶಿ ನಿಟ್ಟುಸಿರುಬಿಟ್ಟರು. ಬಿಡಬಾರದಿತ್ತು.

“ಓಹೋ! ಹಾಗಾದ್ರೆ ಅವಳು ಕೊಟ್ಟಿದ್ದೆಲ್ಲ ವಾಪಸ್ ಕೊಡಿ. ಗಾಯಕವೃಂದದ ಅಂಗಿ ಯಾರು ಹೊಲಿದಿದ್ದು? ಈ ಕಿಟಕಿ ಪರದೆ? ನಿಮ್ಮ ಮೈಮೇಲಿರೋ ನಿಲುವಂಗಿ ಯಾರ ಕೈದು, ಅಯ್ಯನವರೇ? ಬಿಚ್ಚಿ. ಈಗಲೇ ಬಿಚ್ಚಿಕೊಡಿ, ತಗೊಂಡೇ ಹೋಗ್ತೀನಿ.”

ಅಯ್ಯನವರು ಎರಡೂ ಕೈಯಲ್ಲಿ ಕೊರಳಪಟ್ಟಿ ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಪರದೆಯ ಕೊಂಡಿಗಳನ್ನು ಅವಳು ಒಂದೊಂದಾಗಿ ಕಳಚಲು ಶುರು ಮಾಡಿದ ಮೇಲೆ ಕಮಿಟಿ ಕೈಚೆಲ್ಲಿತು. ಆರ್ಗನ್ ಮತ್ತೆ ಅಕ್ಕನದಾಯಿತು. ಸೊಸೆಗೆ ಪ್ರಾರ್ಥನೆಯ ತಲಾಂತು ಕೊಟ್ಟು ನೋಡಿದರಂತೆ, ಆದರೆ ಅವಳೇನು ಆ ಬೆಂಚಿನಲ್ಲಿ ಕೂರುವವಳೇ? ಅದೇ ವಾರ ಕಾರ್ಯದರ್ಶಿ ಸಂಸಾರ ಸಮೇತ ಹಿಂದಿನ ಬೀದಿಯ ಸಭೆಗೆ ಸೇರಿಕೊಂಡರು.

“ಅಕ್ಕನಿಗೆ ಯಾರೂ ಹೇಳಕೂಡದು, ನಾನೇ ಹೇಳ್ತೀನಿ” ಎಂದು ನನ್ನ ಹೆಂಡತಿ ತಾಕೀತು ಮಾಡಿದ್ದಳು. ಶನಿವಾರ ಸಂಜೆ ಹಾಡಿನ ಅಭ್ಯಾಸಕ್ಕೆ ಕರೆದೊಯ್ಯುವ ನೆಪದಲ್ಲಿ ಇಬ್ಬರೂ ಅಕ್ಕನ ಮನೆಗೆ ಹೋದೆವು. ಅಕ್ಕ ಕಿಟಕಿಯ ಪಕ್ಕ ಕುಳಿತು ಯಾರದೋ ಶಾಲೆಯ ಅಂಗಿಗೆ ತೋಳು ಕೂಡಿಸುತ್ತಿದ್ದರು.

“ಅಕ್ಕಾ, ಏಳು! ಆರ್ಗನ್ ನಿಂದೇ. ಕಮಿಟಿಯವರ ನೀರಿಳಿಸಿ ಬಂದಿದ್ದೀನಿ.”

ಯಂತ್ರ ನಿಂತಿತು. “ಆ ಹುಡುಗಿ?”

“ಹಿಂದಿನ ಬೀದಿ ಸಭೆಗೆ ಹೋದ್ಲು. ಪೀಡೆ ತೊಲಗ್ತು.”

“ಹೋಗೇಬಿಟ್ಲಾ?”

ಅಕ್ಕನ ಮುಖ ನೋಡಿ ಎಲ್ಲೋ ಎಡವಟ್ಟಾಗಿದೆ ಎಂದು ನನಗನ್ನಿಸಿತು. ನನ್ನ ಹೆಂಡತಿಗೂ ಏನೋ ಹೊಳೆದಿರಬೇಕು. “ಯಾಕಕ್ಕಾ? ನೀನು ಅಳ್ತಿದ್ದೆಯಲ್ಲ, ಎರಡು ವಾರವೂ?” ಎಂದಳು.

“ಸಂತೋಷಕ್ಕೆ ಅಳಬಾರದೇನೇ?” ಅಕ್ಕನ ದನಿ ಅಷ್ಟು ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ನಾನು ನುಡಿಸೋದು ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೀಯಾ? ನನಗೂ ಕಿವಿ ಇದೆ ಕಣೇ. ಬಿಟ್ಟರೆ ಹಾಡೇ ನಿಂತುಹೋಗುತ್ತಲ್ಲ ಅಂತ ಕೂತಿದ್ದೆ. ಪ್ರತಿ ಸಲ ಆರ್ಗನ್ ಮುಚ್ಚುವಾಗ ಒಂದೇ ಕೇಳ್ತಿದ್ದೆ, ಕರ್ತನೇ, ನುಡಿಸೋಕೆ ಬರೋರನ್ನ ಒಬ್ಬರನ್ನ ಕಳಿಸಪ್ಪಾ ಅಂತ. ನಿನ್ನ ಹಾಲುಹಲ್ಲು ಬಿದ್ದಿರಲಿಲ್ಲ, ಆಗಿಂದ ಕೇಳಿದ್ದೀನಿ. ಕೊನೆಗೂ ಕಳಿಸಿದ. ಎಲ್ಲರ ಹಾಗೆ ಬೆಂಚಲ್ಲಿ ಕೂತು ಹಾಡು ಕೇಳಿದೆ. ಆ ಹಾಡುಗಳು ಅಷ್ಟು ಚೆನ್ನಾಗಿವೆ ಅಂತ ನನಗೆ ಗೊತ್ತೇ ಇರಲಿಲ್ಲ.”

ನನ್ನ ಹೆಂಡತಿ, ಆ ಹುಡುಗಿಯ ಮನೆಗೆ ಹೋಗಿ ಕಾಲು ಹಿಡಿದಾದರೂ ಕರೆತರುತ್ತೇನೆ ಎಂದು ಅಳುವುದಕ್ಕೇ ಶುರು ಮಾಡಿದಳು. ಆ ಸಭೆಯವರು ಅಂಥ ಕೈಯನ್ನು ಬಿಟ್ಟುಕೊಡುವಷ್ಟು ದಡ್ಡರಲ್ಲ ಎಂದು ಮೂವರಿಗೂ ಗೊತ್ತಿತ್ತು.

ಅಕ್ಕ ಅಂಗಿಯನ್ನು ಮಡಿಸಿಟ್ಟರು. ತಂಗಿಯ ಕಣ್ಣನ್ನು ತಮ್ಮ ಅಂಗೈಯಿಂದಲೇ ಒರೆಸಿದರು. ಮಂಡಿ ಹಿಡಿದುಕೊಂಡು ಎದ್ದು, ಚಪ್ಪಲಿ ಮೆಟ್ಟಿದರು.

“ನಡಿ, ಹೊತ್ತಾಯ್ತು, ಎಲ್ಲರೂ ಕಾಯ್ತಿರ್ತಾರೆ. ಇನ್ನು ಕರ್ತನನ್ನ ಮತ್ತೆ ಮೊದಲಿಂದ ಕೇಳ್ಕೋಬೇಕು. ಅಷ್ಟು ಆಯಸ್ಸು ನನಗೆಲ್ಲಿದೆಯೇ?”