ಅಂಚಿನಲ್ಲಿ ಹೊಲಿದ ಮುಖ

ರೈನ್ ನದಿಯ ಗಡಿ ಕಾಯುವ ದಂಡಿನಲ್ಲಿದ್ದ ನನ್ನ ಗಂಡ ಸೆಕ್ಸ್ಟಸ್ ಸತ್ತ ಮೇಲೆ ಮನೆಗೆ ಬಂದದ್ದು ಅವನ ನಡುಪಟ್ಟಿ, ಒಂದು ಚಿನ್ನದ ನಾಣ್ಯ. ಮಾವ ನಾಣ್ಯವನ್ನು ಎಲ್ಲೆಲ್ಲೋ ಇಟ್ಟು ಮರೆಯುತ್ತಿದ್ದರು. ದಿನಕ್ಕೆ ಹತ್ತು ಸಲ ಹುಡುಕಾಟ. ಕೊನೆಗೆ ನಾನೇ ಅದನ್ನು ಅವರ ಅಂಗಿಯ ಅಂಚಿನೊಳಗಿಟ್ಟು ಹೊಲಿದೆ.

ಅದರ ಒಂದು ಬದಿಗೆ ಚಕ್ರವರ್ತಿಯ ಮುಖ, ತಲೆಗೆ ಎಲೆಗಳ ಕಿರೀಟ. ಇನ್ನೊಂದು ಬದಿಗೆ ಕೊಂಬೆ ಹಿಡಿದು ಕುಳಿತ ಶಾಂತಿದೇವಿ. ಚಕ್ರವರ್ತಿಯ ಮುಖ ಮೈಮೇಲಿಟ್ಟುಕೊಂಡು ಕಕ್ಕಸಿಗೆ ಹೋದರೆ ರಾಜದ್ರೋಹ, ತಲೆ ಹೋಗುತ್ತದೆ. ಉಂಗುರದಲ್ಲಿ ಆ ಮುಖ ಇದ್ದವರು ಬಾಗಿಲಲ್ಲೇ ಬಿಚ್ಚಿ ಆಳಿನ ಕೈಗೆ ಕೊಡುತ್ತಾರೆ. ನನಗೆ ಗೊತ್ತಿತ್ತು. ಹೊಲಿಯುವಾಗ ನೆನಪಾಗಲಿಲ್ಲ.

ಸ್ನಾನಗೃಹದ ಪಕ್ಕದ ಕಕ್ಕಸಿನಲ್ಲಿ ಗಂಡಸರು ಸಾಲಾಗಿ ಕೂತು ಹರಟುತ್ತಾರೆ. ಮಾವ ಕೂರುವಾಗ ಅಂಗಿಯ ಅಂಚು ಕಲ್ಲಿಗೆ ತಾಗಿ ಠಣ್ ಎಂದಿತಂತೆ.

"ಏನಯ್ಯಾ ವಟೀನಿಯಸ್, ಹೊಟ್ಟೆಗೆ ಗಂಟೆ ಕಟ್ಕೊಂಡಿದ್ದೀಯಾ?" ಎಂದನಂತೆ ಪಕ್ಕದಲ್ಲಿದ್ದ ನಮ್ಮ ನೆರೆಮನೆಯ ಹೆಲ್ವಿಯಸ್.

"ಗಂಟೆ ಅಲ್ಲ ಕಣೋ, ನನ್ನ ಮಗನ ಚಿನ್ನ."

ಸಂಜೆ ಅಧಿಕಾರಿ ಬಂದ, ಜೊತೆಗೆ ಇಬ್ಬರು ಸೈನಿಕರು, ಅವರ ಹಿಂದೆ ಹೆಲ್ವಿಯಸ್. ಅಧಿಕಾರಿ ಚಾಕುವಿನಿಂದ ಅಂಚು ಕೊಯ್ದ. ನನ್ನ ಹೊಲಿಗೆ ಬೇಗ ಬಿಡಲಿಲ್ಲ.

"ಇದು ಯಾರ ಮುಖ, ಮುದುಕಾ?"

"ಸ್ವಾಮಿ, ದೇವಿ ಇರೋ ಬದಿ ಹೊರಗಿತ್ತು. ದೊರೆ ಮುಖ ಒಳಗಡೆ ತಿರುಗಿತ್ತು. ಅವರಿಗೇನೂ ಕಂಡಿರಲ್ಲ."

ಸೈನಿಕನೊಬ್ಬ ನಕ್ಕ. ಅಧಿಕಾರಿ ನಗಲಿಲ್ಲ.

"ಹೊಲಿದವಳು ನಾನು," ಎಂದೆ. "ನನ್ನನ್ನ ಕರ್ಕೊಂಡು ಹೋಗಿ."

"ಹೊಲಿಯೋದು ತಪ್ಪಲ್ಲಮ್ಮ. ನೀನು ಕಕ್ಕಸಿನೊಳಗೆ ಹೋಗಿದ್ದೆಯಾ?"

"ಇಲ್ಲ."

"ಹಾಗಾದ್ರೆ ಸುಮ್ನಿರು."

ಸುಳ್ಳು ಹೇಳಿದರೂ ನಂಬುತ್ತಿರಲಿಲ್ಲ. ಅದು ಗಂಡಸರ ಜಾಗ.

ಹೆಲ್ವಿಯಸ್ ನೆಲ ನೋಡುತ್ತಿದ್ದ. "ಅಲ್ಲಿ ಹನ್ನೆರಡು ಜನ ಇದ್ರು, ತಂಗಿ. ನಾನು ಹೇಳದಿದ್ರೆ ಇನ್ನೊಬ್ಬ ಹೇಳ್ತಿದ್ದ. ಕೇಳಿಯೂ ಸುಮ್ನಿದ್ದೆ ಅಂತ ನನ್ನನ್ನೂ ಎಳೀತಿದ್ರು."

ಅದೂ ನಿಜವೇ.

ಅಧಿಕಾರಿ ನೀರು ಕೇಳಿದ. ಕೊಟ್ಟೆ. ಅದನ್ನು ಚೆಲ್ಲಿದ, ಆಗಷ್ಟೇ ಸೇದಿದ ನೀರೇ ಬೇಕಂತೆ. ಬಾವಿಗೆ ಹೋಗಿ ತಂದೆ. ನಾಣ್ಯವನ್ನು ಮೂರು ಸಲ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡ. ಸೈನಿಕರು ಮಾವನ ಕೈಗಳನ್ನು ಹಿಂದಕ್ಕೆ ಕಟ್ಟಿದರು.

"ಅದನ್ನ ಯಾವಾಗ ವಾಪಸ್ ಕೊಡ್ತಾರೆ, ಕೇಳಮ್ಮಾ," ಎಂದರು ಮಾವ.

ನಾನು ಅಧಿಕಾರಿಯನ್ನು ಕೇಳಿದೆ. ಅಷ್ಟರಲ್ಲಿ ಮಾವನನ್ನು ಬೀದಿಗೆ ಇಳಿಸಿದ್ದರು.