ಅತ್ತದ್ದಕ್ಕೆ ಸಾಕ್ಷಿಯಿಲ್ಲ

ಸುಂಕಲಮ್ಮತ್ತೆಯ ಹಾಡನ್ನು ಲೋಕಕ್ಕೆಲ್ಲ ಕೇಳಿಸಿದವಳು ನಾನೇ. ಅದಕ್ಕೆ ನಾನು ಕೆಲಸ ಮಾಡುವ ಸಂಸ್ಥೆಯವರು ಪ್ರಶಂಸಾಪತ್ರವನ್ನೂ ಕೊಟ್ಟರು. ಅದನ್ನು ನ್ಯಾಮತಿಯ ನನ್ನ ಬಾಡಿಗೆ ರೂಮಿನ ಮಂಚದ ಕೆಳಗೆ ತಳ್ಳಿದ್ದೇನೆ. ಇಲಿ ತಿಂದರೆ ತಿನ್ನಲಿ.

ನನ್ನ ಹೆಸರು ಸಂಘಮಿತ್ರಾ. ಹಳ್ಳಿ ಹೆಂಗಸರ ಹಾಡುಗಳನ್ನು ರೆಕಾರ್ಡ್ ಮಾಡಿ, ಬರೆದು, ವೆಬ್‌ಸೈಟಿಗೆ ಏರಿಸುವುದು ನನ್ನ ಕೆಲಸ. ಜಗಳೂರಿನಿಂದ ಚನ್ನಗಿರಿಯವರೆಗೆ ಬಸ್ಸಿನಲ್ಲಿ ಅಲೆದು ಬೀಸುವ ಪದ, ಸೋಬಾನೆ ಎಲ್ಲ ಕೂಡಿಸಿದ್ದೆ. ಸಾವಿನ ಹಾಡು ಮಾತ್ರ ಸಿಕ್ಕಿರಲಿಲ್ಲ. ಸಾವಿಲ್ಲದ ದಿನ ಅದನ್ನು ಹಾಡಿದರೆ ಮನೆಗೆ ಕೇಡು. ಸಾವಿನ ಮನೆಯಲ್ಲಿ ಫೋನ್ ಹಿಡಿಯಲು ನನಗೇ ನಾಚಿಕೆ. ಆಗ ನೆನಪಾದವಳು ಅಪ್ಪನ ಅಕ್ಕ ಸುಂಕಲಮ್ಮ. ಸಾಸ್ವೆಹಳ್ಳಿ ಹತ್ತಿರದ ನಮ್ಮೂರಿನಲ್ಲೇ ಇದ್ದಾಳೆ.

ಅತ್ತೆಯ ಮಗಳು ಹೊನ್ನಮ್ಮ ಇಪ್ಪತ್ತು ವರ್ಷದ ಹಿಂದೆ ನಾಲೆಯಲ್ಲಿ ಹೆಣವಾಗಿ ಸಿಕ್ಕಳು. ಎಳೆಗೂಸು ರಕ್ಷಾಳನ್ನು ತೊಟ್ಟಿಲಲ್ಲಿ ಬಿಟ್ಟು, ದೊಡ್ಡಮನೆಯವರ ಗದ್ದೆಗೆ ಕಳೆ ಕೀಳಲು ಹೋದವಳು. ಬಂದ ಪೊಲೀಸರು ಕಾಲುಜಾರಿ ಬಿದ್ದದ್ದು ಎಂದು ಬರೆದುಕೊಂಡು ಹೋದರು. ಗಂಡ ಬೇರೆ ಮದುವೆಯಾದ. ಕೂಸನ್ನು ಅತ್ತೆ ಸಾಕಿದಳು.

ಅವತ್ತಿನಿಂದ ಕೇರಿಯಲ್ಲಿ ಯಾರೇ ಸತ್ತರೂ ಅತ್ತೆ ಹೆಣದ ಪಕ್ಕ ಕೂತು ತನ್ನ ಮಗಳನ್ನು ಹಾಡಿಕೊಂಡು ಅಳುತ್ತಾಳೆ. ದೊಡ್ಡಮನೆ ಕೆಂಚೇಶನ ಹೆಸರು ಹಿಡಿದೇ ಅಳುತ್ತಾಳೆ. ಊರಿಗೆ ಊರೇ ಕೇಳಿದೆ. ಕೆಂಚೇಶನೂ ಒಮ್ಮೆ ದಾರಿಯಲ್ಲಿ ನಿಂತು ಕೇಳಿ, ಬೀಡಿ ಹಚ್ಚಿಕೊಂಡು ಹೋದನಂತೆ. ಅತ್ತದ್ದಕ್ಕೆ ಸಾಕ್ಷಿಯಿಲ್ಲ ಅನ್ನುವುದು ನಮ್ಮ ಕೇರಿಯ ಕಟ್ಟಳೆ. ಹೆಣದ ಮುಂದೆ ಯಾರು ಯಾರನ್ನು ಏನೆಂದರೂ, ಎದ್ದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಆಮೇಲೆ ಅದನ್ನು ಯಾರೂ ಎತ್ತಿ ಆಡುವಂತಿಲ್ಲ. ಅತ್ತೆಗೆ ಸಿಕ್ಕ ನ್ಯಾಯ ಅಷ್ಟೇ, ವರ್ಷಕ್ಕೆ ಎರಡು ಮೂರು ಸಲ ನಿಜ ಹೇಳಲು ಒಂದು ಜಾಗ.

ಮನೆಯಲ್ಲಿ ಹಾಡುವಂತಿಲ್ಲವಲ್ಲ, ಅತ್ತೆಯನ್ನು ನಾಲೆ ಏರಿಗೆ ಕರೆದುಕೊಂಡು ಹೋದೆ.

"ಹೊನ್ನಿ ಹಾಡು ಈ ಫೋನಿನಾಗೆ ಉಳೀತೈತೇನೆ ಸಂಗಿ? ನಾನು ಸತ್ತಮ್ಯಾಲೂ?"

"ಉಳೀತೈತೆ ಅತ್ತೆ. ಆದ್ರೆ ಎಲ್ಲಾರೂ ಕೇಳ್ತಾರೆ. ಆಗಬೌದಾ?"

"ಕೇಳ್ಲಿ ಬಿಡು. ಊರೆಲ್ಲ ಕೇಳಿದ್ದೇ ಐತಲ್ಲ."

ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹಾಡಿದಳು. ಕಾಲ್ಜಾರಿ ಬೀಳಲಿಲ್ಲ ನನ ಕಂದ, ನಿನ ಕೊರಳಾಗೆ ಕೆಂಚೇಶನ ಬೆರಳಿತ್ತು ಎಂದು ಹಾಡಿದಳು. ನಾನು ಒಂದಕ್ಷರ ಬಿಡದೆ, ಹೆಸರೂ ಬಿಡದೆ ಬರೆದು ವೆಬ್‌ಸೈಟಿಗೆ ಏರಿಸಿದೆ. ಬಿಡಬಾರದು ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಹೆಣವಿಲ್ಲದ ಕಡೆ ಅತ್ತರೆ ಅದು ಅಳು ಆಗುವುದಿಲ್ಲ, ದೂರು ಆಗುತ್ತದೆ ಎಂದು ಅದೇ ಕೇರಿಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಓದಿದ ಕತ್ತೆ ನಾನು.

ಎರಡು ತಿಂಗಳಿಗೆ ಕೆಂಚೇಶ ಚುನಾವಣೆಗೆ ನಿಲ್ಲಲು ಹೊರಟ. ಅವನ ಅಳಿಯ ಫೋನಿನಲ್ಲಿ ಮಾವನ ಹೆಸರು, ಊರಿನ ಹೆಸರು ಹಾಕಿ ಹುಡುಕಿದ. ಮೊದಲು ಬಂದದ್ದೇ ಅತ್ತೆಯ ಹಾಡು.

ಮಾರನೇ ದಿನ ನನ್ನನ್ನೂ ಊರಿಗೆ ಕರೆಸಿ, ಕೆಂಚೇಶ ಅತ್ತೆಯ ಮನೆಗೆ ಬಂದ. ಕೂಗಾಡಲಿಲ್ಲ. ಜಗಲಿ ಮೇಲೆ ಕೂತು ನೀರು ಕೂಡ ಕೇಳಿ ಕುಡಿದ.

"ನೋಡು ಸುಂಕಲಮ್ಮ, ಇಪ್ಪತ್ತು ವರ್ಷ ನೀನು ಅತ್ತಿದ್ದು ನಾನು ಕೇಳಿಲ್ವಾ? ಒಂದು ಮಾತಾರ ಅಂದೀನಾ? ಈಗ ದಾವಣಗೆರೆ ಬೀಗರು ಫೋನ್ ಮಾಡಿ ಕೇಳ್ತಾರೆ, ಏನು ಹೇಳಾಕೆ ಆಗ್ತೈತೆ? ಹಾಡಿದ್ದು ಸುಳ್ಳು ಅಂತ ನಿನ್ನ ಬಾಯಾಗೇ ಹೇಳಿಬಿಡು. ವಿಡಿಯೋ ಮಾಡಾಕೆ ನಿನ್ನ ತಮ್ಮನ ಮಗಳು ಹೆಂಗೂ ಬಂದಾಳೆ."

"ಹಾಡು ತೆಗೀತೀನ್ರೀ, ಅಷ್ಟೇ," ಎಂದೆ. "ಸುಳ್ಳು ಅಂತ ಅತ್ತೆ ಹೇಳಲ್ಲ. ಬೇಕಾದ್ರೆ ಕೇಸ್ ಹಾಕ್ರಿ."

ಅವನು ನನ್ನ ಕಡೆ ತಿರುಗಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ರಕ್ಷಾಳನ್ನು ನೋಡಿದ.

"ಇಕಿ ಹೊನ್ನಾಳಿ ಕಾಲೇಜಿಗೆ ಹೋಗ್ತಾಳಲ್ಲ? ಬಸ್ಸಿಗೆ ನಾಲೆ ಏರಿ ಮ್ಯಾಲೇ ನಡಕಂಡು ಹೋಗ್ಬೇಕು. ಜ್ವಾಪಾನ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು. "ಹಿಡಿಯೇ ಸಂಗಿ," ಎಂದಳು.

"ಬ್ಯಾಡ ಅತ್ತೆ."

"ಹಿಡಿ ಅಂದೆ."

ಹಿಡಿದೆ. ಮೊದಲ ಸಲ ಸರಿಯಾಗಿ ಬರಲಿಲ್ಲವೆಂದು ಕೆಂಚೇಶ ಎರಡನೇ ಸಲ ಹೇಳಿಸಿದ. ನನ್ನ ಮಗಳು ಕಾಲುಜಾರಿ ಬಿದ್ದಳು, ತಲೆ ಕೆಟ್ಟು ಹಾಡಿದೆ ಎಂದು ಅತ್ತೆ ಎರಡು ಸಲವೂ ಫೋನನ್ನೇ ನೋಡುತ್ತ ಹೇಳಿದಳು. ನನಗೆ ಆ ಗಳಿಗೆಯಲ್ಲಿ ಅವನಿಗಿಂತ ನನ್ನ ಮೇಲೇ ಹೇಸಿಗೆಯಾಯಿತು. ಹಾಡು ಕೇಳಿದವರು ನೂರೋ ಇನ್ನೂರೋ ಇದ್ದರು. ಈ ವಿಡಿಯೋ ಸಂಜೆಯೊಳಗೆ ಸೂಳೆಕೆರೆ ಕಡೆಯ ನಮ್ಮ ನೆಂಟರ ಫೋನಿಗೂ ಮುಟ್ಟಿತ್ತು. ಹಾಡನ್ನು ನಾನೇ ಅಳಿಸಿದೆ. ಕೆಂಚೇಶ ಗೆದ್ದ.

ಆಮೇಲೆ ಸ್ವಲ್ಪ ದಿನಕ್ಕೆ ಅತ್ತೆಯ ಪಕ್ಕದ ಮನೆಯ ಪಾಪಣ್ಣ ತೀರಿಕೊಂಡ. ನಾನೂ ಹೋದೆ. ಫೋನನ್ನು ರೂಮಿನಲ್ಲೇ ಬಿಟ್ಟು ಹೋಗಿದ್ದೆ, ಅದರಿಂದ ಯಾರಿಗೇನು ಬಂತು. ಹೆಂಗಸರು ಹೆಣದ ಪಕ್ಕ ಅತ್ತೆಗೆ ಜಾಗ ಬಿಟ್ಟರು. ಹೋಗುವವರ ಕೈಯಲ್ಲಿ ಮೊದಲೇ ಹೋದವರಿಗೆ ಮಾತು ಕಳಿಸುವುದು ನಮ್ಮಲ್ಲಿ ಉಂಟು, ಅದನ್ನು ಹಾಡಿಯೇ ಕಳಿಸುತ್ತಾರೆ. ಅತ್ತೆ ಶುರುಮಾಡಲಿ ಎಂದು ಎಲ್ಲರೂ ಕಾದರು. ಅವಳು ಪಾಪಣ್ಣನ ಕಿವಿಯ ಹತ್ತಿರ ಬಾಗಿ, ರಾಗವಿಲ್ಲದೆ, ಬರೀ ಮಾತಿನಲ್ಲಿ ಹೇಳಿದಳು.

"ಅಲ್ಲಿ ಹೊನ್ನಿ ಸಿಗ್ತಾಳಣ್ಣ. ಅವ್ವ ಯಾಕೆ ನನ್ನ ಹಾಡಲ್ಲ ಅಂತ ಕೇಳ್ತಾಳೆ. ನಿಮ್ಮವ್ವಗೆ ಬಾಯಿ ಬಿದ್ದೋಗೈತೆ ಅಂತ ಹೇಳು. ವಿಡಿಯೋದಾಗೆ ನಾನು ಅಂದಿದ್ದು ಹೇಳಬ್ಯಾಡಪ್ಪ, ನಿನ್ನ ಕಾಲು ಹಿಡಿತೀನಿ."

ಪಾಪಣ್ಣನನ್ನು ಹಾಡಿಲ್ಲದೆ ಎತ್ತಿದರು.