ಅರವತ್ತೇಳರ ಕಾರ್ಡು

ನಾನು ತರಗತಿಗೆ ಕಾಲಿಟ್ಟರೆ ಕೋಟಿವರೆಗಿನ ಅಂಕಿಗಳೆಲ್ಲ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದವು. ಅಂಥ ಲೆಕ್ಕದ ಮೇಷ್ಟ್ರು ನಾನು. ಹಾಗಿರುವಾಗ ಪಕ್ಕದ ಕೋಣೆಗೆ ಬಂದ ಹೊಸ ಟೀಚರಮ್ಮ, ಹತ್ತತ್ತು ಮನೆಗಳ ಹತ್ತು ಸಾಲಿದ್ದ ಪಟವೊಂದನ್ನು ಗೋಡೆಗೆ ತೂಗುಹಾಕಿ, ಒಂದರಿಂದ ನೂರರವರೆಗೆ ಮನೆಗೊಂದು ಅಂಕಿಯ ಕಾರ್ಡು ಸಿಕ್ಕಿಸಿದಳು. ಬಿಡುವಾದರೆ ಸಾಕು, ನನ್ನ ಮಕ್ಕಳೂ ಅಲ್ಲಿಗೇ ಓಡತೊಡಗಿದರು. ನನ್ನ ಹೊಟ್ಟೆಯೊಳಗೆ ಎದ್ದ ಉರಿಯಲ್ಲಿ ಇಡೀ ಶಾಲೆಗೆ ನೀರು ಕಾಯಿಸಬಹುದಿತ್ತು.

ಹೆಡ್‌ಮಾಸ್ಟರು ಅವಳ ಪಾಠ ನೋಡಲು ಬರುವ ದಿನ, ಅವಳ ಮಾನ ಕಳೆಯಲೆಂದು ನಾನು ಮೊದಲೇ ಒಳಹೊಕ್ಕು ಒಂದು ಕಾರ್ಡು ಎಗರಿಸಿದೆ. ಆಮೇಲೆ ಏನೂ ಅರಿಯದವನಂತೆ ಅವರ ಪಕ್ಕದಲ್ಲೇ ಬಂದು ನಿಂತೆ.

ಖಾಲಿ ಮನೆ ಕಂಡು ಟೀಚರಮ್ಮ ಬೆಚ್ಚಿದಳು. ಮುಂದಿನ ಬೆಂಚಿನ ಹುಡುಗಿ ಮಾತ್ರ ಎದ್ದು, "ಅದು ಅರವತ್ತೇಳು ಮಿಸ್! ಮೇಲಿನ ಮನೇಲಿ ಐವತ್ತೇಳಿದೆ, ಒಂದು ಮನೆ ಕೆಳಗಿಳಿದ್ರೆ ಹತ್ತು ಜಾಸ್ತಿ" ಎಂದಳು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಬರೀ ಊಹೆ ಸಾರ್! ಅಲ್ಲಿದ್ದದ್ದು ಅರವತ್ತೇಳೇ ಅಂತ ಯಾರು ಕಂಡೋರು?"

"ನಿಮ್ಮ ಜೇಬಿಂದ ಇಣುಕ್ತಿದೆಯಲ್ಲ ಮೇಷ್ಟ್ರೇ, ತೆಗೆದು ನೀವೇ ಓದಿಬಿಡಿ" ಎಂದರು ಹೆಡ್‌ಮಾಸ್ಟರು.

ಓದಿದೆ. ಅರವತ್ತೇಳೇ.

"ಕದ್ದದ್ದು ನಾನೇ ತಾಯಿ" ಎಂದೆ ಟೀಚರಮ್ಮನಿಗೆ. "ಇಪ್ಪತ್ತು ವರ್ಷದಲ್ಲಿ ನನ್ನ ಪಾಠಕ್ಕೆ ಅಂತ ಒಂದು ಮಗೂನೂ ಓಡಿ ಬಂದಿಲ್ಲ. ಹೊಟ್ಟೆಕಿಚ್ಚು ತಡ್ಕೊಳ್ಳೋಕಾಗ್ಲಿಲ್ಲ."